ಮೂಡುಪಾದೆಯ ಆನೆಸಿಂಗಾರ ಮತ್ತು ಮಾವುತ ದೂಮಪ್ಪ

ಮೂಡುಪಾದೆಯ ಆನೆಸಿಂಗಾರ ಕೊನೆಯ ಬಾರಿಗೆ ನಡೆದದ್ದು ೧೯೬೩ನೆಯ ಇಸವಿ ಏಪ್ರಿಲ್ ತಿಂಗಳ ೧೫ನೆಯ ತಾರೀಕು, ಸೋಮವಾರ. ೧೯೬೪ರಲ್ಲಿಯೂ ನಡೆಯಿತೆಂದು ವಾದಿಸುವವರು ಇನ್ನೂ ಇದ್ದಾರೆ, ಅದು ತಪ್ಪು. ಆ ವರ್ಷ ನಡೆದದ್ದು ಬರಿಯ ಪೂಜೆ ಮತ್ತು ಪಾನಕದ ಹಂಚಿಕೆ. ಆನೆಯೇ ಇಲ್ಲದ ಮೇಲೆ ಅದನ್ನು ಆನೆಸಿಂಗಾರವೆಂದು ಕರೆಯುವುದು ಹೇಗೆ? ಆನೆ ಏಕೆ ಇರಲಿಲ್ಲ ಎಂಬುದನ್ನು ಹೇಳಬೇಕಾದರೆ ಅದರ ಮಾವುತನಾದ ದೂಮಪ್ಪ ಮೂಲ್ಯನ ವಿಚಾರವನ್ನು ಹೇಳಬೇಕಾಗುತ್ತದೆ.

ದೂಮಪ್ಪನ ಹುಟ್ಟಿದ ದಿನ ಯಾರಿಗೂ ತಿಳಿಯದು. ತಾಯಿ ಹೇಳುತ್ತಿದ್ದ ಮಾತಿನಿಂದ ಊಹಿಸಿದರೆ ೧೯೧೨ರ ಮಳೆಗಾಲ. ಮನೆತನದ ಕಸುಬು ಮಡಕೆ ಮಾಡುವುದು. ಉಡುಪಿ ಸಮೀಪದ ಇನ್ನಂಜೆಯ ಮೂಡಣಕ್ಕಿರುವ ಮೂಡುಪಾದೆಯ ದೇವಸ್ಥಾನಕ್ಕೆ ಮಡಕೆಗಳನ್ನು ಒಪ್ಪಿಸಲು ಹೋಗುತ್ತಿದ್ದವನು ಅಲ್ಲಿಯೇ ಉಳಿದದ್ದು ಆನೆಯ ಕಾರಣದಿಂದ. ಭಾಗೀರಥಿ ಎಂಬ ಆ ಹೆಣ್ಣಾನೆ ಮೈಸೂರಿನ ಕಾಡಿನ ಕಡೆಯಿಂದ ಬಂದದ್ದು ೧೯೩೮ನೆಯ ಇಸವಿ ಡಿಸೆಂಬರ್ ೯, ಶುಕ್ರವಾರ. ಜೊತೆಯಲ್ಲಿ ಬಂದಿದ್ದ ಮಲಯಾಳಿ ಮಾವುತ ೧೯೪೧ರಲ್ಲಿ ಜ್ವರ ಹಿಡಿದು ಊರಿಗೆ ಹಿಂದಿರುಗಿದ. ಅಷ್ಟರವರೆಗೆ ತಾಳೆಯ ಗರಿ, ಬೈನೆಯ ಸೊಪ್ಪು ಹೊತ್ತು ತಂದು ಹಾಕುತ್ತಿದ್ದ ದೂಮಪ್ಪನೇ ಆನೆಯ ಕೆಲಸಕ್ಕೆ ನಿಂತ.

ಮಲಯಾಳದ ಆಜ್ಞೆಗಳು ಅವನ ನಾಲಗೆಗೆ ಹೊಂದಲಿಲ್ಲ. ಆನೆಗೆ ತುಳು ಕಲಿಸಿದ. 'ದುಂಬು' ಎಂದರೆ ಮುಂದೆ ನಡೆಯಬೇಕು, 'ಉಂತು' ಎಂದರೆ ನಿಲ್ಲಬೇಕು. ಇವೆರಡರ ನಡುವೆ ಅವನ ನಾಲಗೆ ಸುಮ್ಮನಿರುತ್ತಿರಲಿಲ್ಲ. ದಾರಿಯಲ್ಲಿ ಕಂಡ ದನ, ಗದ್ದೆಯ ಬದುವಾದ ಹುಣಿ, ಹೆಂಡತಿ ಅಕ್ಕು ಬೆಳಿಗ್ಗೆ ಮಾಡಿದ ಜಗಳ, ಎಲ್ಲವನ್ನೂ ಆನೆಗೆ ಹೇಳುತ್ತಾ ನಡೆಯುತ್ತಿದ್ದ. ಮಕ್ಕಳಿರಲಿಲ್ಲ. "ನನ್ನ ಹತ್ತಿರ ಇಷ್ಟು ಮಾತಾಡಿದ್ದರೆ ನಾನು ಯಾಕೆ ಜಗಳ ಮಾಡ್ತಿದ್ದೆ?" ಎಂದು ಅಕ್ಕು ಕೆರೆಯ ಕಟ್ಟೆಯಲ್ಲಿ ಬಟ್ಟೆ ಒಗೆಯುತ್ತಾ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದಳು.

ಆನೆಸಿಂಗಾರವು ವಿಷುವಿನ ಮರುದಿನದ ಹಬ್ಬ. ಬೆಳಿಗ್ಗೆ ಭಾಗೀರಥಿಯನ್ನು ಕೆರೆಗಿಳಿಸಿ ತೆಂಗಿನ ಸಿಪ್ಪೆಯಿಂದ ಉಜ್ಜಿ ಮೀಯಿಸುವುದು. ಮೈ ಆರಿದ ಮೇಲೆ ಹಣೆಗೂ ಕಿವಿಗಳಿಗೂ ಎಣ್ಣೆ ಹಚ್ಚಿ, ಬಿಳಿಯ ಜೇಡಿ ಮತ್ತು ಕೆಂಪು ಕಾವಿಯಿಂದ ಬಳ್ಳಿ, ಗಿಳಿ, ತಾವರೆಗಳನ್ನು ಬರೆಯುವುದು. ಬೆನ್ನಿನ ಮೇಲೆ ಜರತಾರಿಯ ಅಂಚಿನ ಕೆಂಪು ಮಖಮಲ್ಲಿನ ಜೂಲು. ಹಣೆಗೆ ಹಿತ್ತಾಳೆಯ ಉಬ್ಬುಗಳಿಂದ ತುಂಬಿದ ಹಣೆಪಟ್ಟ. ಕೊರಳಿಗೆ ಗಂಟೆ ಮತ್ತು ಹೂಮಾಲೆ. ಮಡಕೆಯ ಮೇಲೆ ಗೆರೆ ಎಳೆದು ಬೆಳೆದ ಕೈ ದೂಮಪ್ಪನದು. ಬಣ್ಣ ಬರೆಯಲು ಬೇರೆಯವರನ್ನು ಕರೆಯುವ ಪ್ರಮೇಯವೇ ಬರಲಿಲ್ಲ.

ಆದರೆ ಹಬ್ಬದ ಮುಖ್ಯ ಭಾಗ ಸಿಂಗಾರವಲ್ಲ; ಸಿಂಗಾರದ ನಂತರದ ನಡಿಗೆ. ಅಂಗಳದ ಪಡುವಣ ತುದಿಯಲ್ಲಿ, ಧ್ವಜಸ್ತಂಭದ ಮುಂದೆ, ಆನೆಕಲ್ಲು ಎಂಬ ಚಪ್ಪಟೆಯಾದ ಕಲ್ಲೊಂದು ನೆಲಕ್ಕೆ ಸಮನಾಗಿ ಕುಳಿತಿದೆ. ಸಂಜೆ ಮೂಡಣ ಹೆಬ್ಬಾಗಿಲಿನಲ್ಲಿ ಮಾವುತನು ಅಂಕುಶವನ್ನು ಕೆಳಗಿಟ್ಟು ಕೈಮುಗಿದು ಹಿಂದೆ ಸರಿಯಬೇಕು. ವಾದ್ಯ ನಿಲ್ಲಬೇಕು. ಯಾರೂ ಮಾತನಾಡಬಾರದು, ಮಾವುತನಂತೂ ತುಟಿಯನ್ನೂ ಅಲ್ಲಾಡಿಸಬಾರದು. ಆನೆ ತಾನಾಗಿಯೇ ಅಂಗಳವನ್ನು ದಾಟಿ ತನ್ನ ಬಲ ಮುಂಗಾಲನ್ನು ಆ ಕಲ್ಲಿನ ಮೇಲೆ ಇಡಬೇಕು. ಇಟ್ಟರೆ ದೇವರು ಆನೆಯನ್ನೂ ಆ ವರ್ಷದ ಬೇಸಾಯವನ್ನೂ ಒಪ್ಪಿದಂತೆ. ಇಡದಿದ್ದರೆ ಆ ಆನೆ ದೇವಸ್ಥಾನದಲ್ಲಿ ಉಳಿಯುವಂತಿಲ್ಲ. ಅಂಗದೋಷವಿರುವ ಪ್ರಾಣಿಯನ್ನು ದೇವರ ಮುಂದೆ ನಿಲ್ಲಿಸಬಾರದೆಂಬ ನಿಯಮವೂ ಇದರ ಜೊತೆಗೇ ಇತ್ತು. ಹಿಂದೊಮ್ಮೆ, ೧೯೧೯ರಲ್ಲಿ, ಒಂದು ಆನೆ ಕಲ್ಲನ್ನು ದಾಟಿಹೋಯಿತೆಂಬ ಕಾರಣಕ್ಕೆ ತಿಂಗಳೊಳಗೆ ಮಾರಲ್ಪಟ್ಟಿತ್ತು.

ಭಾಗೀರಥಿ ಪ್ರತಿ ವರ್ಷವೂ ತಪ್ಪದೆ ಕಾಲಿಟ್ಟಳು. ೧೯೫೯ರಲ್ಲಿ ಅವಳ ಎಡಗಣ್ಣಿಗೆ ಹೂ ಬಿತ್ತು. ಕಣ್ಣಿನ ಕಪ್ಪು ಭಾಗ ಹಾಲಿನಂತೆ ಬೆಳ್ಳಗಾಯಿತು. ದೂಮಪ್ಪ ಯಾರಿಗೂ ಹೇಳಲಿಲ್ಲ. ಮರುವರ್ಷದ ಸಿಂಗಾರದಲ್ಲಿ ಎರಡು ಕಣ್ಣುಗಳ ಸುತ್ತಲೂ ದೊಡ್ಡ ತಾವರೆಗಳನ್ನು ಬರೆದ. ಕಣ್ಣಿನ ಬಿಳುಪು ಎಸಳುಗಳ ಬಿಳುಪಿನಲ್ಲಿ ಮರೆಯಾಯಿತು. ಹಾಗೆ ಬರೆದದ್ದನ್ನು ಎಲ್ಲರೂ ಹೊಗಳಿದರು. ೧೯೬೧ರ ದೀಪಾವಳಿಯ ಹೊತ್ತಿಗೆ ಬಲಗಣ್ಣೂ ಹೋಯಿತು. ದಿನನಿತ್ಯವೂ ತಾನೇ ಬದಿಗೆ ಸರಿದು ದಾಟುತ್ತಿದ್ದ ಹಲಸಿನ ಮರಕ್ಕೆ ಅವಳು ಹಣೆ ತಾಗಿಸಿಕೊಂಡು ನಿಂತಾಗ ಅವನಿಗೆ ತಿಳಿಯಿತು.

ಆ ವಾರವೇ ಅವನು ಉಡುಪಿಗೆ ಹೋಗಿ ಅಕ್ಕಸಾಲಿಗನಿಂದ ಒಂದು ಜೊತೆ ಬೆಳ್ಳಿಯ ಕಣ್ಣುಗಳನ್ನು ಮಾಡಿಸಿದ, ಕಡಿಯಾಳಿಯ ಮಹಿಷಮರ್ದಿನಿಗೆ ಹರಕೆ ಒಪ್ಪಿಸಲು.

"ಕಣ್ಣು ಯಾರಿಗೆ ಸರಿ ಇಲ್ಲ?" ಎಂದು ಅಕ್ಕಸಾಲಿಗ ಕೇಳಿದ.

"ಮಗಳಿಗೆ."

"ಸಣ್ಣವಳಾ?"

"ಅಲ್ಲ, ದೊಡ್ಡವಳು," ಎಂದ ದೂಮಪ್ಪ. "ತುಂಬ ದೊಡ್ಡವಳು."

ಹರಕೆ ಫಲಿಸಲಿಲ್ಲ.

ನಡೆಯುವುದಕ್ಕೆ ತೊಂದರೆಯಿರಲಿಲ್ಲ. ದೂಮಪ್ಪನ ಮಾತಿನ ಮೇಲೆಯೇ ಭಾಗೀರಥಿ ನಡೆಯುತ್ತಿದ್ದಳು. ಅವನು ಹುಣಿ ಎಂದರೆ ಕಾಲೆತ್ತಿ ದಾಟುವಳು, ಸಂಕ ಎಂದರೆ ಕಾಲುಸೇತುವೆಯನ್ನು ಸೊಂಡಿಲಿನಿಂದ ತಡವಿ ನಿಲ್ಲುವಳು. ವರ್ಷದ ಎಲ್ಲ ದಿನಗಳಲ್ಲಿಯೂ ಅವನ ನಾಲಗೆ ಅವಳ ಕಣ್ಣಾಗಿ ನಡೆದೀತು. ಆದರೆ ಒಂದು ದಿನ ಅವನು ಬಾಯಿ ಮುಚ್ಚಿ ನಿಲ್ಲಲೇಬೇಕು. ಆ ದಿನ ಅವಳು ಕಲ್ಲು ತಪ್ಪಿದರೆ ಮಾರಾಟ. ಮಾರಿದ ಮೇಲೆ ಅವನ ನಾಲಗೆಯಿಲ್ಲದೆ ಅವಳು ಎಲ್ಲಿಯೂ ಬದುಕಲಾರಳು. ಇದಕ್ಕಾಗಿ ದೂಮಪ್ಪ ಹುಡುಕಿದ ಉಪಾಯ ಮಲ್ಲಿಗೆ.

ಶಂಕರಪುರದಲ್ಲಿ ಮಲ್ಲಿಗೆ ಬೆಳೆದು, ಕಟ್ಟಿ, ಮಾರುತ್ತಿದ್ದ ಅಪೊಲೋನಿಯಾ ಮಥಾಯಸ್ ಎಂಬ ವಿಧವೆಗೆ ಅವನು ಪರಿಚಿತ. ಅದೇ ೧೯೬೧ರ ಜೂನ್ ೨೮, ಬುಧವಾರ, ಗಾಳಿಮಳೆಗೆ ತೆಂಗಿನ ಮರವೊಂದು ಅವಳ ಮಲ್ಲಿಗೆಯ ಗಿಡಗಳ ಮೇಲೆ ಅಡ್ಡ ಬಿದ್ದಿತ್ತು. ದೂಮಪ್ಪ ಆನೆಯನ್ನು ಕರೆದೊಯ್ದು, ಉಳಿದ ಗಿಡಗಳು ನಲುಗದಂತೆ ಮರವನ್ನು ಎತ್ತಿಸಿ ಕೊಟ್ಟಿದ್ದ. ಹೂವಿನ ಗಿಡ ಹೋದರೆ ಅವಳಿಗೂ ಮಗಳು ಗ್ಲ್ಯಾಡಿಸ್‌ಗೂ ಬೇರೆ ಗತಿಯಿರಲಿಲ್ಲ. ಅವಳಿಂದ ಮಾರಿ ಉಳಿದ ತುಂಡು ಮಾಲೆಗಳನ್ನು ದೂಮಪ್ಪ ತರತೊಡಗಿದ. ಕೆರೆಯ ಹಿಂದಿನ ಬಯಲಿನಲ್ಲಿ ಒಂದು ಕಲ್ಲನ್ನು ಹೂತು, ಅದರ ಮೇಲೆ ಹೂವಿಟ್ಟು, ಆನೆಯನ್ನು ದೂರದಲ್ಲಿ ಬಿಟ್ಟು, ತಾನು ಬಾಯಿ ಮುಚ್ಚಿ ನಿಂತ. ಪರಿಮಳವನ್ನು ಹುಡುಕಿ ಬಂದು ಬಲಗಾಲನ್ನು ಹೂವಿನ ಮೇಲಿಟ್ಟರೆ ಒಂದು ಅಚ್ಚು ಬೆಲ್ಲ. ಹಣ್ಣನ್ನೋ ಬೆಲ್ಲವನ್ನೋ ಕಲ್ಲಿನ ಮೇಲಿಟ್ಟರೆ ಜನ ಕೇಳಿಯಾರು. ಕಲ್ಲಿಗೆ ಹೂವಿಟ್ಟರೆ ಯಾರು ಏನು ಕೇಳುತ್ತಾರೆ?

"ದಿನಾ ಹೂ ಎಂತಕ್ಕೆ ದೂಮಪ್ಪಣ್ಣ? ಅಕ್ಕುವಕ್ಕನಿಗಾ?" ಎಂದು ಅಪೊಲೋನಿಯಾ ನಕ್ಕಳು.

"ಅವಳಿಗೆ ಕೊಟ್ಟರೆ ಯಾವಳಿಗೆ ತಂದದ್ದು ಉಳಿಯಿತು ಅಂತ ಕೇಳಿಯಾಳು ಬಾಯಮ್ಮ. ಇದು ಕಲ್ಲಿಗೆ. ಒಂದು ಹರಕೆ ಉಂಟು."

ನಿಜವನ್ನು ಅವಳಿಗೂ ಹೇಳಲಿಲ್ಲ. ಶಂಕರಪುರದಲ್ಲಿ ಬೆಳಿಗ್ಗೆ ಹೇಳಿದ ಮಾತು ಹೂವಿನ ಬುಟ್ಟಿಯ ಜೊತೆಯಲ್ಲಿಯೇ ಕಾಪುವಿಗೂ ಉಡುಪಿಗೂ ಹೋಗುತ್ತದೆ.

ಉಳಿದ ವಿವರಗಳನ್ನೂ ಅವನು ಯೋಚಿಸಿದ್ದ. ಸಂಜೆ ಗಾಳಿ ಬೀಸುವುದು ಪಡುವಣದ ಕಡಲಿನಿಂದ. ಆನೆ ನಡೆಯುವುದು ಮೂಡಣದಿಂದ ಪಡುವಣಕ್ಕೆ. ಕಲ್ಲಿನ ಮೇಲಿನ ಪರಿಮಳ ಇದಿರಾಗಿ ಬರುತ್ತದೆ. ಹೆಂಗಸರು ನಿಲ್ಲುವುದು ಹೆಬ್ಬಾಗಿಲಿನ ಪಕ್ಕದ ಜಗಲಿಯಲ್ಲಿ. ಅವರ ಮುಡಿಯ ಹೂವಿನ ಪರಿಮಳ ಹಿಂದಕ್ಕೆ ಹೋಗುತ್ತದೆ. ಆನೆಯ ಕೊರಳಿಗೆ ಮಾತ್ರ ಮಲ್ಲಿಗೆ ಬೀಳಬಾರದು. ಕೇಸರಿ ಬಣ್ಣದ ಅಬ್ಬಲಿಗೆಗೆ ಪರಿಮಳವಿಲ್ಲ. ಕೆಂಪು ಜೂಲಿಗೆ ಅದೇ ಒಪ್ಪುತ್ತದೆಂದು ದೇವಸ್ಥಾನದ ಆಡಳಿತ ನೋಡುವ ಮೊಕ್ತೇಸರರಾದ ಕಿಂಞಣ್ಣ ಹೆಗ್ಡೆಯವರನ್ನು ಒಪ್ಪಿಸಿದ. ೧೯೬೨ನೆಯ ಇಸವಿ ಏಪ್ರಿಲ್ ೧೫, ಭಾನುವಾರ, ಭಾಗೀರಥಿ ಸೊಂಡಿಲಿನ ತುದಿಯನ್ನು ನೆಲದ ಮೇಲೆ ಆಡಿಸುತ್ತಾ ಅಂಗಳವನ್ನು ದಾಟಿ, ಕಲ್ಲಿನ ಮುಂದೆ ನಿಂತು, ಬಲಗಾಲನ್ನು ಹೂವಿನ ಮೇಲಿಟ್ಟಳು. "ಒಪ್ಪಿತು, ಒಪ್ಪಿತು!" ಎಂದು ಜನ ಕೂಗಿದರು. ಇಷ್ಟು ಭಕ್ತಿಯಿಂದ ನಡೆದದ್ದನ್ನು ಹಿಂದೆ ಕಂಡಿರಲಿಲ್ಲವೆಂದು ಹೆಗ್ಡೆಯವರು ಹೇಳಿದರು. ದೂಮಪ್ಪ ಹೆಬ್ಬಾಗಿಲಿನ ಕಂಬವನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಅಲ್ಲಿಯೇ ಕುಳಿತ. ಬಿಸಿಲಿಗೆ ತಲೆ ತಿರುಗಿತೆಂದು ಜನ ಭಾವಿಸಿದರು.

ಇನ್ನು ೧೯೬೩. ಆ ವರ್ಷ ಈಸ್ಟರ್ ಹಬ್ಬ ಏಪ್ರಿಲ್ ೧೪ಕ್ಕೆ ಬಂತು; ವಿಷುವೂ ಅದೇ ದಿನ. ಅಪೊಲೋನಿಯಾ ಈಸ್ಟರಿಗೆ ಮೊದಲಿನ ತಪಸ್ಸಿನ ಕಾಲದಲ್ಲಿ ಮನಸ್ಸಿನೊಳಗೇ ಒಂದು ಮಾತು ಕೊಟ್ಟುಕೊಂಡಿದ್ದಳು: ಈಸ್ಟರಿನ ಮರುದಿನ ಕೊಯ್ದ ಹೂವನ್ನು ಮಾರುವುದಿಲ್ಲ, ತನ್ನ ಗಿಡಗಳನ್ನು ಉಳಿಸಿದ ಆನೆಗೆ ಕೊಡುವುದು. ಹಿಂದಿನ ವರ್ಷ ಹಬ್ಬಕ್ಕೆ ಬಂದಿದ್ದಾಗ ಆನೆಯ ಕೊರಳಿನಲ್ಲಿ ಪರಿಮಳವಿಲ್ಲದ ಹೂವನ್ನು ಕಂಡು ಅವಳಿಗೆ ನೋವಾಗಿತ್ತು. ಪಾಪದ ದೂಮಪ್ಪಣ್ಣ ವರ್ಷವಿಡೀ ಕಲ್ಲಿಗೆ ಮಲ್ಲಿಗೆ ಇಡುತ್ತಾನೆ, ಇಷ್ಟು ದೊಡ್ಡ ದೇವಸ್ಥಾನದವರು ಆನೆಗೆ ಒಂದು ಮಲ್ಲಿಗೆಯ ಮಾಲೆ ಹಾಕುವುದಿಲ್ಲವಲ್ಲ ಎಂದು ಮಗಳ ಹತ್ತಿರ ಹೇಳಿಕೊಂಡಿದ್ದಳು. ಸೋಮವಾರ ಬೆಳಗಾಗುವ ಮೊದಲೇ ತಾಯಿ, ಮಗಳು ಮೊಗ್ಗು ಕೊಯ್ದು ಕಟ್ಟಲು ಕುಳಿತರು. ಆನೆಯ ಕೊರಳಿನ ಅಳತೆಯ ಮಾಲೆ ಮುಗಿಯುವಾಗ ಮಧ್ಯಾಹ್ನ ದಾಟಿತ್ತು. ಕಲ್ಲಿಗೆಂದು ದೂಮಪ್ಪ ಹೇಳಿದ್ದ, ಕಟ್ಟಿ ಸುತ್ತಿಟ್ಟ ಮಲ್ಲಿಗೆಯ ಚೆಂಡನ್ನೂ ಎತ್ತಿಕೊಂಡು ಇಬ್ಬರೂ ಮೂಡುಪಾದೆಗೆ ನಡೆದರು.

ಹೆಬ್ಬಾಗಿಲಿನ ಹೊರಗೆ ಸಿಂಗಾರ ಮುಗಿದಿತ್ತು. ಅಪೊಲೋನಿಯಾ ಬುಟ್ಟಿಯ ಬಾಳೆಲೆ ಸರಿಸಿ ಮಾಲೆಯನ್ನು ತೋರಿಸಿದಾಗ ಹೆಗ್ಡೆಯವರಿಗೆ ಬಹಳ ಸಂತೋಷವಾಯಿತು.

"ನೋಡಿ, ಕ್ರಿಸ್ತುವರ ಮನೆಯಿಂದ ನಮ್ಮ ಆನೆಗೆ ಹೂ ಬಂದಿದೆ. ಇದನ್ನು ನಾನೇ ಹಾಕುವವನು. ಏಣಿ ತನ್ನಿ."

ದೂಮಪ್ಪ ಎರಡೂ ಕೈಗಳನ್ನು ಚಾಚಿ ಅಡ್ಡ ನಿಂತ. "ದಣಿಗಳೇ, ಮಲ್ಲಿಗೆ ಬೇಡ. ಅಬ್ಬಲಿಗೆ ಉಂಟಲ್ಲ, ಸಾಕು."

"ಎಂತ ಬೇಡ ಮಾರಾಯ? ಮದುಮಗಳ ಹಾಗೆ ಕಾಣ್ತದೆ."

"ಇದರ ವಾಸನೆ ಅದಕ್ಕೆ ಆಗುವುದಿಲ್ಲ."

"ವರ್ಷವಿಡೀ ನೀನೇ ತಂದು ಕಲ್ಲಿಗೆ ಇಡ್ತೀಯಂತೆ. ಆಗ ಆಗ್ತದೆ, ಈಗ ಆಗುವುದಿಲ್ಲವಾ?"

ಜನ ನಕ್ಕರು. "ಅವನಿಗೆ ಹೊಟ್ಟೆಕಿಚ್ಚು ದಣಿಗಳೇ," ಎಂದು ಡೋಲು ಹಿಡಿದಿದ್ದವನೊಬ್ಬ ಹೇಳಿದ. "ಮದುವೆಯ ದಿನ ಅಕ್ಕುವಿಗೆ ಸಹ ಇಷ್ಟು ಹೂ ಇರಲಿಲ್ಲ."

"ತರುವ ಮನಸ್ಸು ಇವರಿಗೆ ಇರಲಿಲ್ಲ ಅಂತ ಹೇಳು," ಎಂದಳು ಜಗಲಿಯಿಂದ ಅಕ್ಕು. ನಗು ಹೆಚ್ಚಾಯಿತು.

ಅಪೊಲೋನಿಯಾ ಮಾತ್ರ ನಗಲಿಲ್ಲ. "ದೂಮಪ್ಪಣ್ಣ, ಇದು ಕ್ರಯಕ್ಕೆ ಕೊಟ್ಟದ್ದಲ್ಲ. ನಾನು ದೇವರ ಹತ್ತಿರ ಹೇಳಿಕೊಂಡದ್ದು. ಬೇಡ ಹೇಳಬೇಡಿ."

ಇದಕ್ಕೆ ಅವನು ಉತ್ತರ ಕೊಡಬಹುದಾಗಿತ್ತು. ಮಾಲೆ ಏಕೆ ಬೇಡವೆಂದು ಹೇಳಿದರೆ ಕಣ್ಣಿನ ವಿಚಾರವನ್ನು ಹೇಳಿದಂತೆ. ಹೇಳಿದರೆ ಆನೆ ಅಂಗಳಕ್ಕೆ ಕಾಲಿಡುವ ಮೊದಲೇ ಎಲ್ಲವೂ ಮುಗಿದಂತೆ. ಹೇಳದಿದ್ದರೆ ಒಂದು ಎಳೆಯಷ್ಟು ಸಾಧ್ಯತೆ ಉಳಿದಿತ್ತು. ಮೊಗ್ಗುಗಳು ಇನ್ನೂ ಮುಚ್ಚಿಕೊಂಡಿದ್ದವು. ಪರಿಮಳ ಅಷ್ಟಾಗಿ ಇರಲಿಲ್ಲ. ಅರಳುವುದರೊಳಗೆ ನಡಿಗೆ ಮುಗಿದರೆ? ಅವನು ಕೈಗಳನ್ನು ಇಳಿಸಿದ. ಹೆಗ್ಡೆಯವರು ಏಣಿ ಹತ್ತಿ ಮಾಲೆ ಹಾಕಿದರು. ಕಲ್ಲಿನ ಮೇಲೆ ಚೆಂಡನ್ನು ಬಿಚ್ಚಿ ಇಡಲು ದೂಮಪ್ಪ ಓಡಿದ. ಬಂದು ನೋಡಿದರೆ ಭಟ್ಟರು ಒಳಗಿನ ಪೂಜೆಯನ್ನು ಮುಗಿಸಿರಲಿಲ್ಲ. ಅವರು ನಿಧಾನದ ಮನುಷ್ಯ. ಸೂರ್ಯ ತೆಂಗಿನ ತಲೆಗಳಿಗೆ ಇಳಿದ. ಮಲ್ಲಿಗೆ ಅರಳುವುದು ಆ ಹೊತ್ತಿಗೇ. ಭಟ್ಟರು ಹೊರಗೆ ಬಂದು ಶಂಖ ಊದುವಾಗ ಹೆಬ್ಬಾಗಿಲಿನಲ್ಲಿ ನಿಂತವರೆಲ್ಲರೂ ಮೂಗು ಎತ್ತಿ ಪರಿಮಳವನ್ನು ಕೊಂಡಾಡುತ್ತಿದ್ದರು.

ವಾದ್ಯ ನಿಂತಿತು. ದೂಮಪ್ಪ ಅಂಕುಶವನ್ನು ಕೆಳಗಿಟ್ಟು ಕೈಮುಗಿದು ಹಿಂದೆ ಸರಿದ.

ಭಾಗೀರಥಿ ಸ್ವಲ್ಪ ದೂರ ನಡೆದಳು. ಸೊಂಡಿಲು ನೆಲಕ್ಕೆ ಹೋಯಿತು, ಗಾಳಿಗೆ ಎತ್ತಿತು, ಮತ್ತೆ ನೆಲಕ್ಕೆ ಹೋಯಿತು. ಅಂಗಳದ ನಡುವೆ ನಿಂತಳು. ಎಡಕ್ಕೆ ತಿರುಗಿದಳು, ಬಲಕ್ಕೆ ತಿರುಗಿದಳು. ಹುಡುಕುತ್ತಿದ್ದದ್ದು ತನ್ನ ಕೊರಳಿನಲ್ಲಿಯೇ ಇದೆಯೆಂದು ತಿಳಿದಾಗ ಸೊಂಡಿಲನ್ನು ಹಿಂದಕ್ಕೆ ಮಡಚಿ ಮಾಲೆಯನ್ನು ಎಳೆದಳು. ನಾರು ಹರಿಯಿತು. ಮಾಲೆಯನ್ನು ಮುದ್ದೆಯಾಗಿ ಹಿಡಿದು ಮುಂದಿನ ನೆಲದಲ್ಲಿ ಹಾಕಿ, ಸೊಂಡಿಲಿನಿಂದ ಒಮ್ಮೆ ತಟ್ಟಿ ನೋಡಿ, ಬಲ ಮುಂಗಾಲನ್ನು ಎತ್ತಿ ಅದರ ಮೇಲೆ ಸರಿಯಾಗಿ ಇಟ್ಟಳು. ಕಲಿಸಿದ್ದರಲ್ಲಿ ಯಾವ ತಪ್ಪೂ ಇರಲಿಲ್ಲ. ನಂತರ ಸೊಂಡಿಲನ್ನು ಮುಂದಕ್ಕೆ ಚಾಚಿ, ಬೆಲ್ಲಕ್ಕಾಗಿ ಕಾಯುತ್ತಾ ನಿಂತಳು.

ಜನ ಕಂಡದ್ದು ಬೇರೆ. ಮೊಕ್ತೇಸರರು ತಮ್ಮ ಕೈಯಾರೆ ಹಾಕಿದ ಮಾಲೆಯನ್ನು ಆನೆ ಕಿತ್ತು ದೇವರ ಇದಿರಿನಲ್ಲಿ ತುಳಿದಿದೆ. ಹೆಂಗಸರು ಬಾಯಿಗೆ ಸೆರಗು ಮುಚ್ಚಿಕೊಂಡರು. ಕಿಂಞಣ್ಣ ಹೆಗ್ಡೆಯವರ ಮುಖ ಕಪ್ಪಿಟ್ಟಿತು. ಆಗ ದೂಮಪ್ಪ ಮೌನದ ನಿಯಮವನ್ನು ಮುರಿದು ಕೂಗಿದ:

"ದಣಿಗಳೇ, ಅದಕ್ಕೆ ಕಣ್ಣು ಕಾಣುವುದಿಲ್ಲ! ಅದರ ತಪ್ಪಲ್ಲ, ಕಣ್ಣು ಕಾಣುವುದಿಲ್ಲ!"

ಇದು ಆನೆಯನ್ನು ಉಳಿಸಬಹುದೆಂದು ಆ ಗಳಿಗೆಯಲ್ಲಿ ಅವನು ಹೇಗೆ ನಂಬಿದನೋ ತಿಳಿಯದು. ಹೆಗ್ಡೆಯವರು ಮೆಲ್ಲನೆ ಕೇಳಿದರು: "ಯಾವಾಗಿನಿಂದ?"

"ಹೋದ ವರ್ಷದ ಹಿಂದಿನ ದೀಪಾವಳಿಯಿಂದ."

"ಅಂದರೆ ಹೋದ ವರ್ಷ ಒಪ್ಪಿದ್ದೂ ಸುಳ್ಳು."

ಅಂಗಳದ ನಡುವೆ ಭಾಗೀರಥಿ ಕಾಲನ್ನು ತೆಗೆದು ಮತ್ತೊಮ್ಮೆ ಹೂವಿನ ಮೇಲಿಟ್ಟಳು.

ಏಪ್ರಿಲ್ ೨೧, ಭಾನುವಾರ, ಆಡಳಿತದ ಸಭೆ ಸೇರಿತು. ಅಂಗದೋಷದ ಪ್ರಾಣಿಯನ್ನು ದೇವರ ಮುಂದೆ ನಿಲ್ಲಿಸಿದ್ದಕ್ಕೆ ಶುದ್ಧಿಕಲಶವಾಗಬೇಕು, ಆನೆಯನ್ನು ಮಾರಬೇಕು, ದೂಮಪ್ಪನನ್ನು ಕೆಲಸದಿಂದ ತೆಗೆಯಬೇಕು. ಸಭೆ ಒಂದು ವೀಳ್ಯ ಹಾಕಿಕೊಳ್ಳುವಷ್ಟು ಹೊತ್ತು ನಡೆದಿರಬಹುದು. ಹೆಗ್ಡೆಯವರು ಕೆಟ್ಟವರಲ್ಲ. ಆದರೆ ನಿಯಮವನ್ನು ಅವರು ಬರೆದಿರಲಿಲ್ಲ. ಅಳಿಸುವ ಧೈರ್ಯವೂ ಅವರಿಗಿರಲಿಲ್ಲ. ಕಾರ್ಕಳದ ಮರದ ಕಂತ್ರಾಟುದಾರನೊಬ್ಬ ಆನೆಯನ್ನು ನೋಡಲು ಬಂದ. ಕುರುಡೆಂದು ಹೆಗ್ಡೆಯವರು ಮುಚ್ಚಿಡದೆ ತಿಳಿಸಿದಾಗ ಅವನು, "ಮರ ಎಳೆಯಲಿಕ್ಕೆ ಕಣ್ಣು ಎಂತಕ್ಕೆ?" ಎಂದ. ದೂಮಪ್ಪ ತಾನೂ ಬರುತ್ತೇನೆ, ಕೂಲಿ ಬೇಡ, ಗಂಜಿ ಸಾಕು ಎಂದು ಕೇಳಿಕೊಂಡ.

"ನನ್ನ ಹತ್ತಿರ ಮಾವುತ ಇದ್ದಾನೆ. ನಿನ್ನ ಹಾಗೆ ಕತೆ ಹೇಳುವವನಲ್ಲ, ಕೆಲಸ ಮಾಡಿಸುವವನು. ಕಾರ್ಕಳದವರೆಗೆ ನಡೆಸಿಕೊಂಡು ಬಂದು ಬಿಡು, ಅಷ್ಟು ಸಾಕು."

ಆನೆ ಮೂಡುಪಾದೆಯನ್ನು ಬಿಟ್ಟದ್ದು ೧೯೬೩ನೆಯ ಇಸವಿ ಮೇ ೯, ಗುರುವಾರ. ದಾರಿ ಶಂಕರಪುರದ ಮೇಲೆ ಹೋಗುತ್ತದೆ. ಮೇ ತಿಂಗಳು ಮಲ್ಲಿಗೆ ತುಂಬಿ ಬಿಡುವ ಕಾಲ. ರಸ್ತೆಯ ಇಕ್ಕೆಲಗಳಲ್ಲಿಯೂ ಮನೆಮನೆಗೆ ಗಿಡ, ಜಗಲಿಗಳಲ್ಲಿ ಕಟ್ಟುವವರು. ಭಾಗೀರಥಿ ಪ್ರತಿಯೊಂದು ಮನೆಯ ಮುಂದೆಯೂ ನಿಂತು ಬಲಗಾಲನ್ನು ಎತ್ತಿದಳು. ದೂಮಪ್ಪ 'ದುಂಬು' ಎನ್ನುವನು, ಹೋಗುವಳು, ಮುಂದಿನ ಮನೆಯ ಪರಿಮಳ ಬಂದಾಗ ಮತ್ತೆ ನಿಂತು ಕಾಲೆತ್ತುವಳು. ಜನ ಹೊರಗೆ ಬಂದು ನೋಡಿದರು. ಅಪೊಲೋನಿಯಾ ತನ್ನ ಮನೆಯ ಬೇಲಿಯ ತಡಮೆಯ ಹತ್ತಿರ ಕಾಯುತ್ತಿದ್ದಳು.

"ದೂಮಪ್ಪಣ್ಣ, ಒಂದು ಮಾತು ಕೇಳ್ತೇನೆ, ಸತ್ಯ ಹೇಳಬೇಕು. ನನ್ನ ಹೂವಿನಿಂದ ಏನಾದರೂ ಆಯಿತಾ?"

"ಹೂವಿನಿಂದ ಎಂತ ಆಗ್ತದೆ ಬಾಯಮ್ಮ? ಅದಕ್ಕೆ ಕಣ್ಣಿಲ್ಲ. ಕಲ್ಲು ಕಾಣಲಿಲ್ಲ. ಅಷ್ಟೆ."

"ಜನ ಏನೇನೋ ಹೇಳ್ತಾರೆ. ನನಗೆ ನಿದ್ರೆ ಇಲ್ಲ."

"ಜನಕ್ಕೆ ಕೆಲಸ ಇಲ್ಲ. ನಿಮ್ಮ ಮಲ್ಲಿಗೆ ಒಳ್ಳೆಯದೇ ಇತ್ತು."

ಅಷ್ಟರಲ್ಲಿ ಭಾಗೀರಥಿ ಅವಳ ಅಂಗಳದ ಗಿಡಗಳ ಕಡೆಗೆ ಸೊಂಡಿಲನ್ನು ಚಾಚಿ, ಬಲಗಾಲನ್ನು ಎತ್ತಿ ಹಿಡಿದಳು. ಅಪೊಲೋನಿಯಾಳ ಕಣ್ಣು ತುಂಬಿತು. "ನೋಡಿ, ನೋಡಿ, ನನಗೆ ನಮಸ್ಕಾರ ಮಾಡ್ತದೆ! ಗುರ್ತ ಉಂಟು ಅದಕ್ಕೆ, ಅಲ್ವಾ?"

"ಹೌದು," ಎಂದ ದೂಮಪ್ಪ. "ಹೋಗಿ ಬರ್ತೇನೆ ಹೇಳ್ತದೆ."

ಅವಳು ಒಳಗೆ ಹೋಗಿ ಬೆಲ್ಲ ತಂದು ಕೊಟ್ಟಳು. ಆನೆ ತಿಂದಿತು. ಮರುದಿನ ಸಂಜೆ ಅವನು ಕಾರ್ಕಳದ ಮರದ ಅಡ್ಡೆಯಲ್ಲಿ ಆನೆಯನ್ನು ಗಣಪ ಎಂಬ ಮಾವುತನಿಗೆ ಒಪ್ಪಿಸಿದ.

ಊರಿಗೆ ಬಂದ ಮೇಲೆ ದೂಮಪ್ಪ ಹಂಚಿನ ಕಾರ್ಖಾನೆಯೊಂದರಲ್ಲಿ ಮಣ್ಣು ಹೊರುವ ಕೆಲಸಕ್ಕೆ ಸೇರಿದ. ಅವನಿಗಾಗಲೇ ಐವತ್ತು ದಾಟಿತ್ತು. ಮಳೆ ಹಿಂದೆಗೆದ ಮೇಲೆ, ಅಕ್ಟೋಬರ್ ೧೩, ಭಾನುವಾರ, ಭಾಗೀರಥಿಯನ್ನು ನೋಡಲು ಕಾರ್ಕಳಕ್ಕೆ ಹೋದ. ಅವಳು ಮರವೊಂದನ್ನು ಎಳೆಯುತ್ತಿದ್ದಳು. ಹಣೆಯಲ್ಲಿ ಎರಡು ಕಡೆ ತರಚು ಗಾಯ ಕಂಡಿತು. ಅವನಿಗೆ ತಡೆಯಲಾಗಲಿಲ್ಲ; ಹೆಸರು ಹಿಡಿದು ಕೂಗಿದ. ಆನೆ ಕಟ್ಟಿದ ಮರವನ್ನು ಹಾಗೆಯೇ ಎಳೆದುಕೊಂಡು ಧ್ವನಿ ಬಂದ ದಿಕ್ಕಿಗೆ ನಡೆಯಿತು. ಪೇರಿಸಿಟ್ಟಿದ್ದ ಮರಗಳು ಉರುಳಿದವು. ಕೂಲಿಯಾಳುಗಳು ದಿಕ್ಕಾಪಾಲಾಗಿ ಓಡಿದರು. ಅವನ ಹತ್ತಿರ ಬಂದು ಸೊಂಡಿಲಿನಿಂದ ಅವನ ಮುಖ, ಭುಜ, ಸೊಂಟದ ಬಟ್ಟೆ ಎಲ್ಲವನ್ನೂ ತಡವಿತು. ಅವನು ಹೋದ ಮೇಲೆ ಆನೆ ಕೆಲಸ ಮಾಡಲಿಲ್ಲ. ಮೇವು ನಿಲ್ಲಿಸಿ ದಾರಿಗೆ ತರಬೇಕಾಯಿತು.

ಮುಂದಿನ ಸಲ ಅವನು ಹೋದದ್ದು ೧೯೬೪ನೆಯ ಇಸವಿ ಜನವರಿ ೨೬, ಭಾನುವಾರ. ಗಣಪ ದೂರದಿಂದಲೇ ಅವನನ್ನು ಕಂಡು ಓಡಿ ಬಂದ.

"ಅಣ್ಣಾ, ನಿಮ್ಮ ಕಾಲು ಹಿಡಿಯುತ್ತೇನೆ, ಮಾತಾಡಬೇಡಿ. ಹೋದ ಸಲ ನೀವು ಕರೆದದ್ದಕ್ಕೆ ಅದು ಉಪವಾಸ ಬಿತ್ತು. ಇನ್ನೊಮ್ಮೆ ಹಾಗಾದರೆ ಘಟ್ಟದ ಮೇಲೆ ಕಳಿಸುತ್ತೇನೆ ಅಂತ ಯಜಮಾನರು ಹೇಳಿದ್ದಾರೆ. ಅಲ್ಲಿ ನಾನೂ ಇರುವುದಿಲ್ಲ."

"ಅದರ ಹತ್ತಿರ ನೀವು ಮಾತಾಡ್ತೀರಾ?"

"ಏನು ಮಾತಾಡುವುದು? ನಡೆ ಅಂದರೆ ನಡೆಯಬೇಕು, ನಿಲ್ಲು ಅಂದರೆ ನಿಲ್ಲಬೇಕು."

"ಸಂಕ ಬಂದರೆ ಹೇಳಬೇಕು. ಹೊಂಡ ಬಂದರೆ ಹೇಳಬೇಕು. ಸುಮ್ಮನೆ ಇದ್ದರೆ ಅದಕ್ಕೆ ಹೆದರಿಕೆ ಆಗ್ತದೆ. ಏನಾದರೂ ಹೇಳ್ತಾ ಇರಿ. ತುಳು ಬಾರದಿದ್ದರೆ ನಿಮ್ಮ ಭಾಷೆಯಲ್ಲೇ ಹೇಳಿ."

"ನೋಡೋಣ," ಎಂದ ಗಣಪ. ಕೆಟ್ಟ ಮನುಷ್ಯನಲ್ಲ, ಮೂರು ಆನೆಗಳ ಕೆಲಸ ಅವನೊಬ್ಬನ ಮೇಲೆ ಬಿದ್ದಿತ್ತು.

ಗಾಳಿ ಆನೆಯ ಕಡೆಯಿಂದ ಇತ್ತ ಬೀಸುತ್ತಿತ್ತು. ಅವನ ವಾಸನೆ ಅದಕ್ಕೆ ಹೋಗುವಂತಿರಲಿಲ್ಲ. ದೂಮಪ್ಪ ಒಂದು ಮರದ ರಾಶಿಯ ಪಕ್ಕದಲ್ಲಿ, ಹೆಚ್ಚು ದೂರವಲ್ಲದ ಜಾಗದಲ್ಲಿ ನಿಂತು ನೋಡಿದ. ಹಣೆಯ ಗಾಯಗಳು ಹೆಚ್ಚಾಗಿದ್ದವು. ಆನೆ ಪ್ರತಿ ಹೆಜ್ಜೆಗೂ ಮೊದಲು ನೆಲವನ್ನು ಸೊಂಡಿಲಿನಿಂದ ತಡವುತ್ತಿತ್ತು; ತಡವುವಷ್ಟು ಹೊತ್ತು ಸಿಗದಾಗ ಹಾಗೆಯೇ ಕಾಲಿಡುತ್ತಿತ್ತು. ಮಧ್ಯಾಹ್ನದವರೆಗೂ ಅವನು ಬಾಯಿ ತೆರೆಯಲಿಲ್ಲ. ಅನಂತರ ಬಸ್ಸು ಹತ್ತಿದ. ಮತ್ತೆ ಅವನು ಕಾರ್ಕಳಕ್ಕೆ ಹೋಗಲಿಲ್ಲ.

ಇದೆಲ್ಲವನ್ನೂ ದೂಮಪ್ಪನು ನನಗೆ ಹೇಳಿದ್ದು ೧೯೬೭ರ ಮಳೆಗಾಲದಲ್ಲಿ. ತಾರೀಕುಗಳು ಅವನಿಗೆ ನೆನಪಿರಲಿಲ್ಲ. ಬಲ್ಲವರಿಂದ ವಿಚಾರಿಸಿ ನಾನು ಸರಿಪಡಿಸಿದ್ದೇನೆ. ಆಗಲೇ ಅವನ ಮಾತು ಬಹಳ ಕಡಿಮೆಯಾಗಿತ್ತು. ಒಂದು ವಾಕ್ಯ ಹೇಳಿ ಎರಡನೆಯದಕ್ಕೆ ಎಷ್ಟೋ ಹೊತ್ತು ತೆಗೆದುಕೊಳ್ಳುತ್ತಿದ್ದ. ಒಮ್ಮೆ ಅಕ್ಕು ನಡುವೆ ಬಂದು, "ಈಗ ಜಗಳಕ್ಕೂ ಬಾಯಿ ಇಲ್ಲ ಇವರಿಗೆ. ಬೈದರೂ ಕೇಳಿಕೊಂಡು ಕೂತಿರ್ತಾರೆ," ಎಂದು ಹೇಳಿ, ಬಾಗಿಲಿನಲ್ಲಿಯೇ ನಿಂತು ಸೆರಗಿನಿಂದ ಮುಖ ಒರೆಸಿಕೊಂಡಳು. ೧೯೬೮ನೆಯ ಇಸವಿ ಸೆಪ್ಟೆಂಬರ್ ೨, ಸೋಮವಾರ, ಅವನು ತೀರಿಕೊಂಡ.

ಆದರೆ ಭಾಗೀರಥಿಯ ಸುದ್ದಿ ಅವನಿಗೆ ಮುಟ್ಟಿದ್ದನ್ನು ನಾನು ಕೇಳಿದ್ದು ಅವನಿಂದಲ್ಲ, ಅಲೆಕ್ಸ್ ಎಂಬ ಲಾರಿಯ ಡ್ರೈವರನಿಂದ. ಅಲೆಕ್ಸ್ ಕಾರ್ಕಳದಿಂದ ಹಂಚಿನ ಕಾರ್ಖಾನೆಯ ಒಲೆಗೆ ಸೌದೆ ತರುತ್ತಿದ್ದ. ೧೯೬೪ನೆಯ ಇಸವಿ ಡಿಸೆಂಬರ್ ೧೨, ಶನಿವಾರ, ಲಾರಿಯಿಂದ ಇಳಿದವನು ಮಣ್ಣಿನ ರಾಶಿಯ ಹತ್ತಿರ ದೂಮಪ್ಪನನ್ನು ಕಂಡು ತಡವರಿಸಿದ. ಹೇಳದೆ ಇರಲೂ ಆಗಲಿಲ್ಲ.

"ದೂಮಪ್ಪಣ್ಣ, ನಿಮ್ಮ ಆನೆ ಹೋಯಿತು. ಮೊನ್ನೆ ಗುರುವಾರ. ಕಲ್ಲು ಕಡಿದ ಹಳೆಯ ಕೋರೆಯ ಹೊಂಡಕ್ಕೆ ಬಿದ್ದದ್ದಂತೆ. ಸಂಜೆಯವರೆಗೆ ಜೀವ ಇತ್ತಂತೆ."

ದೂಮಪ್ಪ ತಲೆಯ ಮೇಲಿನ ಬುಟ್ಟಿಯನ್ನು ಇಳಿಸಲಿಲ್ಲ.

"ಹತ್ತಿರ ಯಾರಾದರೂ ಇದ್ದರಾ?"

"ಎಂತ?"

"ಸಂಜೆಯವರೆಗೆ. ಅದರ ಹತ್ತಿರ ಯಾರಾದರೂ ಮಾತಾಡ್ತಾ ಇದ್ದರಾ?"

ಅಲೆಕ್ಸ್ ಸುಳ್ಳು ಹೇಳಬಹುದಾಗಿತ್ತು. ಆಮೇಲೆ ಬಹಳ ವರ್ಷ ಅದನ್ನೇ ಯೋಚಿಸಿದನಂತೆ. ಆದರೆ ಆ ಹೊತ್ತಿಗೆ ಕಂಡದ್ದನ್ನೇ ಹೇಳಿದ. "ಇಲ್ಲ. ಬದುಕುವುದಿಲ್ಲ ಅಂತ ಗೊತ್ತಾದ ಮೇಲೆ ಎಲ್ಲರನ್ನೂ ಕೆಲಸಕ್ಕೆ ಕಳಿಸಿದರು. ನಾನು ಸೌದೆ ತುಂಬಿಸಿ ಆ ದಾರಿಯಲ್ಲಿ ಬರುವಾಗ ಅಲ್ಲಿ ಒಬ್ಬರೂ ಇರಲಿಲ್ಲ."

ಹಿಂದಿನಿಂದ ಬುಟ್ಟಿ ಹೊತ್ತು ಬಂದವರು ದಾರಿ ಬಿಡಲು ಹೇಳಿದರು. ದೂಮಪ್ಪ ಬದಿಗೆ ಸರಿದು ಅವರನ್ನು ಬಿಟ್ಟು, ಅವರ ಹಿಂದೆಯೇ ತನ್ನ ಮಣ್ಣನ್ನು ಹೊತ್ತುಕೊಂಡು ಒಳಗೆ ಹೋದ.